ತೇಲುವ ಹನಿ ಹೇಳುವ ಮಾತು



ನಮ್ಮ ಕನ್ನಡ ಸಂಘಗಳು ನಡೆಸುವ ರಕ್ತದಾನ ಶಿಬಿರಗಳನ್ನು ನೀವು ಕಂಡಿದ್ದೀರಿ. ಉತ್ಸಾಹದಿಂದ ಸಾಲಿನಲ್ಲಿ ನಿಂತವರಲ್ಲಿ ಕೆಲವರು, ಹೆಚ್ಚಾಗಿ ಹುಡುಗಿಯರು, ಮೊದಲ ಮೇಜಿನಿಂದಲೇ ಹಿಂದಿರುಗುತ್ತಾರೆ. ಬೆರಳು ಚುಚ್ಚಿ ತೆಗೆದ ಒಂದು ಹನಿ ರಕ್ತವನ್ನು ಮೈಲುತುತ್ತದ ನೀಲಿ ದ್ರಾವಣಕ್ಕೆ ಬಿಡುತ್ತಾರೆ. ಹನಿ ಬೇಗ ಮುಳುಗಿದರೆ ಸರಿ. ತೇಲಿದರೆ ಹಿಮೋಗ್ಲೋಬಿನ್ ಸಾಲದು ಎಂದರ್ಥ. ಈಗ ಹಲವು ಕಡೆ ಪುಟ್ಟ ಯಂತ್ರವೇ ಅಂಕಿ ತೋರಿಸುತ್ತದೆ. ದಾನಿಗೆ 100 ಮಿ.ಲೀ. ರಕ್ತದಲ್ಲಿ 12.5 ಗ್ರಾಂ ಇರಲೇಬೇಕು.

"ನನ್ನ ರಕ್ತ ಬೇಡವಂತೆ!" ಎಂದು ನಕ್ಕು ಮನೆಗೆ ಹೋಗುವುದು ಸುಲಭ. ಆದರೆ ಅದು ಪುಕ್ಕಟೆಯಾಗಿ ಸಿಕ್ಕ ಎಚ್ಚರಿಕೆ. ಅದನ್ನು ಶಿಬಿರದಲ್ಲೇ ಬಿಟ್ಟು ಬರಬೇಡಿ.

ಹೆಂಗಸರಿಗೆ 12, ಗಂಡಸರಿಗೆ 13 ಗ್ರಾಂಗಿಂತ ಕಡಿಮೆಯಾದರೆ ಅದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57 ಮಂದಿಗೆ, ಪುರುಷರಲ್ಲಿ ಶೇ. 25 ಮಂದಿಗೆ ಈ ತೊಂದರೆಯಿದೆ. ಸ್ಟೇಷನ್ನಿನ ಸೇತುವೆ ಹತ್ತಿದರೆ ಏದುಸಿರು, ಓದಲು ಕೂತರೆ ಮಂಪರು, ಪದೇ ಪದೇ ತಲೆನೋವು: ಇದನ್ನೆಲ್ಲ ನಗರದ ಓಡಾಟದ ಆಯಾಸವೆಂದು ನಾವು ತಳ್ಳಿಹಾಕುತ್ತೇವೆ. ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಕಡಿಮೆಯಾದಾಗಲೂ ದೇಹ ಹೀಗೆಯೇ ದೂರುತ್ತದೆ.

ಹಾಗಾದರೆ ಏನು ತಿನ್ನಬೇಕು? ಬೀಟ್‌ರೂಟ್ ಕೆಂಪಗಿದೆ ಎಂದ ಮಾತ್ರಕ್ಕೆ ರಕ್ತವಾಗುವುದಿಲ್ಲ. ಹರಿವೆ, ನುಗ್ಗೆಸೊಪ್ಪು, ಕಾಳುಗಳಲ್ಲಿ ಕಬ್ಬಿಣದ ಅಂಶವಿದೆ. ಆದರೆ ಸಸ್ಯಾಹಾರದ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳದು. ಜೊತೆಗೆ 'ಸಿ' ಜೀವಸತ್ವವಿದ್ದರೆ ಚೆನ್ನಾಗಿ ಹೀರಿಕೊಳ್ಳುತ್ತದೆ. ಮೊಳಕೆ ಬಂದ ಹೆಸರುಕಾಳಿನ ಕೋಸಂಬರಿಗೆ ನಿಂಬೆರಸ ಹಿಂಡುವ ನಮ್ಮ ರೂಢಿ ಎಷ್ಟು ಜಾಣತನದ್ದು ನೋಡಿ! ಸೀಬೆಹಣ್ಣು, ನೆಲ್ಲಿಕಾಯಿಯೂ ಅದೇ ಕೆಲಸ ಮಾಡುತ್ತವೆ. ಅಜ್ಜಿಯ ಕಾಲದ ಕಬ್ಬಿಣದ ಬಾಣಲೆ ಅಟ್ಟದ ಮೇಲಿದ್ದರೆ ಕೆಳಗಿಳಿಸಿ. ಅದರಲ್ಲಿ ಬೇಯಿಸಿದ ಹುಳಿ ಪದಾರ್ಥಕ್ಕೆ ಸ್ವಲ್ಪ ಕಬ್ಬಿಣ ಇಳಿಯುತ್ತದೆ. ಊಟದ ಜೊತೆಗೇ ಚಹಾ, ಕಾಫಿ ಮಾತ್ರ ಬೇಡ, ಅವು ಕಬ್ಬಿಣ ಹೀರುವುದನ್ನು ತಡೆಯುತ್ತವೆ. ಒಂದು ಗಂಟೆಯಾದರೂ ಬಿಡುವು ಕೊಡಿ.

ರಕ್ತಹೀನತೆ ಆಗಲೇ ಇದ್ದರೆ ಊಟವೊಂದೇ ಸಾಲದು. ವೈದ್ಯರನ್ನು ಕಾಣಿ. ಮುಟ್ಟಿನ ಸ್ರಾವ ವಿಪರೀತವಾಗಿದ್ದರೆ ಸಂಕೋಚವಿಲ್ಲದೆ ಹೇಳಿ. ಅದನ್ನು ಸಹಿಸಿಕೊಳ್ಳುವುದು ಹೆಣ್ಣಿನ ಹಣೆಬರಹವಲ್ಲ. ಕಬ್ಬಿಣದ ಕೊರತೆಯಲ್ಲದೆ ಥಲಸ್ಸೀಮಿಯಾದಂಥ ಕಾರಣಗಳೂ ಇರಬಹುದಾದ್ದರಿಂದ ಸ್ವಯಂವೈದ್ಯ ಬೇಡ. ಮಾತ್ರೆ ಕೊಟ್ಟರೆ ಹೇಳಿದಷ್ಟು ದಿನ ನುಂಗಿ. ಮಲ ಕಪ್ಪಾದರೆ ಗಾಬರಿಯಾಗಬೇಡಿ, ಮಾತ್ರೆಯ ಗುಣವೇ ಅದು. ಲವಲವಿಕೆ ಬಂತೆಂದು ನಡುವೆ ನಿಲ್ಲಿಸಬೇಡಿ. ದೇಹದ ಉಗ್ರಾಣ ತುಂಬಲು ಇನ್ನೂ ಕೆಲವು ತಿಂಗಳು ಬೇಕು.

ಸಂಘದ ಯುವ ವಿಭಾಗದವರಿಗೆ ಒಂದು ಕೋರಿಕೆ. ಶಿಬಿರ ಮುಗಿದ ಮೇಲೆ ಎಷ್ಟು ಬಾಟಲಿ ರಕ್ತ ಸಂಗ್ರಹವಾಯಿತು ಎಂದು ನಾವು ಹೆಮ್ಮೆಯಿಂದ ವರದಿ ಬರೆಯುತ್ತೇವೆ. ಹಿಂದಿರುಗಿದವರ ಲೆಕ್ಕ ಯಾರಿಡುತ್ತಾರೆ? ಅವರ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಅವರ ಕೈಗೇ ಕೊಡಿ. ಅವರು ಒಪ್ಪಿದರೆ ವಾರದ ನಂತರ ಫೋನ್ ಮಾಡಿ, "ಡಾಕ್ಟರ ಬಳಿ ಹೋದಿರಾ?" ಎಂದು ವಿಚಾರಿಸಿ. ಪರವೂರಿನಲ್ಲಿ ಒಬ್ಬರಿಗೊಬ್ಬರು ಆಗಲೆಂದೇ ಅಲ್ಲವೇ ನಾವು ಸಂಘ ಕಟ್ಟಿಕೊಂಡಿರುವುದು?