ಕೆಡಿಸುವ ಪುಸ್ತಕಗಳು

ಪತ್ತೇದಾರಿ ಕಾದಂಬರಿ ಓದಿದರೆ ಮಕ್ಕಳು ಕೆಡುತ್ತಾರಂತೆ! ಈ ಉಪದೇಶ ಕೇಳಿ ಕೇಳಿ ನಮಗೆ ಸಾಕಾಗಿದೆ ಮಾರಾಯ್ರೇ. ಹೇಳುವವರು ಒಂದನ್ನಾದರೂ ಓದಿದ್ದಾರೆಯೇ?

ಡೊರೊಥಿ ಸೇಯರ್ಸ್ ಅವರ 'ಸ್ಟ್ರಾಂಗ್ ಪಾಯ್ಸನ್' (1930) ನೋಡಿ. ಲೇಖಕಿ ಹ್ಯಾರಿಯೆಟ್ ವೇನ್‌ಳ ಹಳೆಯ ಪ್ರಿಯಕರ ಆರ್ಸೆನಿಕ್‌ನಿಂದ ಸಾಯುತ್ತಾನೆ. ಅವಳು ಸುಳ್ಳು ಹೆಸರಲ್ಲಿ ಆರ್ಸೆನಿಕ್ ಕೊಂಡದ್ದು ನಿಜ, ತಾನು ಬರೆಯುತ್ತಿದ್ದ ಕಾದಂಬರಿಗಾಗಿ. ಮದುವೆಯಾಗದೆ ಅವನ ಜೊತೆ ಬಾಳಿದ್ದೂ ನಿಜ. ಊರಿಗೆ ಅಷ್ಟು ಸಾಕಲ್ಲ! ಜ್ಯೂರಿಯಲ್ಲಿದ್ದ ಮಿಸ್ ಕ್ಲಿಂಪ್ಸನ್ ಪಟ್ಟು ಹಿಡಿಯದಿದ್ದರೆ ನೇಣೇ ಗತಿಯಾಗುತ್ತಿತ್ತು. ಕ್ರಿಸ್ಟಿಯ 'ಫೈವ್ ಲಿಟಲ್ ಪಿಗ್ಸ್'ನಲ್ಲಿ ಆ ಅದೃಷ್ಟವೂ ಇಲ್ಲ. ಗಂಡನಿಗೆ ವಿಷವಿಟ್ಟಳೆಂದು ಶಿಕ್ಷೆಯಾದ ತಾಯಿ ಸೆರೆಮನೆಯಲ್ಲೇ ಸಾಯುತ್ತಾಳೆ. ತಾನು ನಿರಪರಾಧಿ ಎಂದು ಅವಳು ಬರೆದಿಟ್ಟ ಪತ್ರವೊಂದೇ ಮಗಳ ಕೈಯಲ್ಲಿ.

ಬರೀ ಕಟ್ಟುಕತೆ ಎನ್ನುತ್ತೀರಾ? 1889ರಲ್ಲಿ ಲಿವರ್‌ಪೂಲಿನ ಫ್ಲಾರೆನ್ಸ್ ಮೇಬ್ರಿಕ್‌ಗೆ ಇದೇ ಆರೋಪದ ಮೇಲೆ ಮರಣದಂಡನೆ ವಿಧಿಸಿದರು. ಗಂಡನೋ, ಔಷಧವೆಂದು ತಾನಾಗಿಯೇ ಆರ್ಸೆನಿಕ್ ತಿನ್ನುತ್ತಿದ್ದವ! ನ್ಯಾಯಾಧೀಶರು ಮಾತ್ರ ಅವಳ ಪರಪುರುಷ ಸಂಬಂಧವನ್ನೇ ಎಳೆದೆಳೆದು ಹೇಳಿದರು. ಶಿಕ್ಷೆ ಜೀವಾವಧಿಗೆ ಇಳಿಯಿತು, ಹೊರಬಂದದ್ದು 1904ರಲ್ಲಿ.

ಈ ಕತೆ ಹೇಳಿದಾಗ ನಮ್ಮ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ವಿಷ ಮನೆಯಲ್ಲಿತ್ತು ಸರಿ, ಅವಳೇ ಕೊಟ್ಟದ್ದನ್ನು ಯಾರು ನೋಡಿದ್ದು ಟೀಚರ್?"

ಕೆಟ್ಟುಹೋದ ಮಗು ಇದೇ ಏನು?