ಮೊದಲು ಕೆಲಸದ ಪಟ್ಟಿ, ಆಮೇಲೆ ಲ್ಯಾಪ್‌ಟಾಪ್

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ ಮುಗೀತು. ಆಮೇಲಿಂದ ಎಲ್ಲರದ್ದೂ ಒಂದೇ ಪ್ರಶ್ನೆ: ‘ಹಳೇ ಲ್ಯಾಪ್‌ಟಾಪ್ ಆನ್ ಏನೋ ಆಗುತ್ತೆ, ಮುಂದೇನು?’ ಹೊಸದು ತಗೊಳ್ಳಿ ಅಂತಾರೆ ಅಂಗಡಿಯವರು. ಲಿನಕ್ಸ್ ಹಾಕ್ಕೋ ಅಂತಾನೆ ಗೆಳೆಯ. ಸೆಕೆಂಡ್ ಹ್ಯಾಂಡ್ ಮ್ಯಾಕ್ ಸಿಗುತ್ತೆ ಅಂತಾಳೆ ಆಫೀಸಿನವಳು. ಕೈಯಲ್ಲಿರೋದು ಮೂವತ್ತು ಸಾವಿರ. ಯಾರ ಮಾತು ಕೇಳೋದು?

ಸದ್ಯಕ್ಕೆ ಯಾರದ್ದೂ ಬೇಡ. ಮೊದಲು ಒಂದು ಹಾಳೆ ತಗೊಂಡು, ಒಂದು ವಾರ ಲ್ಯಾಪ್‌ಟಾಪ್‌ನಲ್ಲಿ ಏನೇನು ಮಾಡ್ತೀರಿ ಅಂತ ಬರೆದಿಡಿ. ಮೇಲ್, ಗೂಗಲ್ ಡಾಕ್ಸ್, ಬ್ಯಾಂಕು, ವಿಡಿಯೊ ಕಾಲ್ ಇಷ್ಟೇ ಆದ್ರೆ ಎಲ್ಲ ಬ್ರೌಸರ್‌ನಲ್ಲೇ ಮುಗಿಯುತ್ತೆ. ಯಾವ ಓಎಸ್ ಆದ್ರೂ ನಡೆಯುತ್ತೆ. ಆದ್ರೆ ಅದೇ ಲ್ಯಾಪ್‌ಟಾಪ್‌ನಲ್ಲಿ ಅಪ್ಪನ ಅಂಗಡಿಯ ಟ್ಯಾಲಿ ಇದ್ರೆ ವಿಂಡೋಸ್ ಬಿಡೋ ಹಾಗಿಲ್ಲ. ಮ್ಯಾಕ್ರೊ ತುಂಬಿದ ಎಕ್ಸೆಲ್ ಫೈಲುಗಳು ಲಿನಕ್ಸ್‌ನ ಲಿಬ್ರೆಆಫೀಸ್‌ನಲ್ಲಿ ತೆರೆದ್ರೂ ಮ್ಯಾಕ್ರೊಗಳೆಲ್ಲ ಓಡುತ್ತವೆ ಅನ್ನೋ ಖಾತ್ರಿ ಇಲ್ಲ. ಡಿಜಿಟಲ್ ಸಹಿಯ ಟೋಕನ್ ಬಳಸ್ತಿದ್ರೆ, ಹೊಸ ಓಎಸ್‌ಗೆ ಅದರ ಡ್ರೈವರ್ ಇದೆಯಾ ಅಂತ ಟೋಕನ್ ಕೊಟ್ಟವರನ್ನೇ ಕೇಳಿ.

ಕನ್ನಡದ ಕಡತಗಳನ್ನೂ ಪಟ್ಟಿಗೆ ಸೇರಿಸಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದು ಎಲ್ಲ ಕಡೆ ಸರಿಯಾಗಿ ಕಾಣುತ್ತೆ. ಹಳೇ ನುಡಿ ಫಾಂಟ್‌ನಲ್ಲಿ ಮಾಡಿದ್ದು, ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಈಗಿನ ಲ್ಯಾಪ್‌ಟಾಪ್ ಕೆಲಸ ಮಾಡ್ತಿರುವಾಗಲೇ ಅವನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳಿ.

ಪಟ್ಟಿಯಲ್ಲಿ ವಿಂಡೋಸ್ ಬೇಕೇ ಬೇಕು ಅನ್ನೋದು ಏನೂ ಇಲ್ವಾ? ಹಾಗಾದ್ರೆ ಹಳೇ ಲ್ಯಾಪ್‌ಟಾಪನ್ನೇ ಒಂದು ಸಲ ಪರೀಕ್ಷೆ ಮಾಡಿ. ಲಿನಕ್ಸ್ ಮಿಂಟ್ ಅಥವಾ ಉಬುಂಟುವನ್ನು ಖಾಲಿ ಪೆನ್‌ಡ್ರೈವ್‌ಗೆ ಹಾಕಿ, ಇನ್‌ಸ್ಟಾಲ್ ಮಾಡದೆಯೇ ಅದರಿಂದ ಓಡಿಸಬಹುದು. ವೈಫೈ, ಕ್ಯಾಮೆರಾ, ಮೈಕು, ಪ್ರಿಂಟರ್ ನಾಲ್ಕೂ ಸರಿ ಇದ್ರೆ ಅರ್ಧ ಗೆದ್ದ ಹಾಗೆ. ಒಳಗೆ ಹಳೇ ಹಾರ್ಡ್‌ಡಿಸ್ಕ್ ಇದ್ರೆ ಎಸ್‌ಎಸ್‌ಡಿ ಹಾಕಿಸಿ, ವೇಗ ಬದಲಾಗುತ್ತೆ. ಇನ್‌ಸ್ಟಾಲ್ ಮಾಡೋ ಮುಂಚೆ ಫೋಟೊ, ಕಡತ ಎಲ್ಲ ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳೋದು ಮರೀಬೇಡಿ.

ವಿಂಡೋಸೇ ಬೇಕು, ಬಜೆಟ್ ಕಮ್ಮಿ ಅಂತ ಸೆಕೆಂಡ್ ಹ್ಯಾಂಡ್ ನೋಡ್ತಿದ್ದೀರಾ? ‘ಐ5 ಇದೆ ಸಾರ್’ ಅನ್ನೋ ಮಾತು ಸಾಲದು, ಪೂರ್ತಿ ನಂಬರ್ ಕೇಳಿ. ಐ5-7200ಯು ಅಂದ್ರೆ 7ನೇ ತಲೆಮಾರು, ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಅದಿಲ್ಲ. ಐ5-8250ಯು 8ನೇ ತಲೆಮಾರು, ಅದು ಇದೆ. ಜೊತೆಗೆ ಟಿಪಿಎಂ 2.0 ಬೇಕು. ಒಂದಂಕಿ ತಪ್ಪಿದ್ರೆ, ಯಾವ ಕಾರಣಕ್ಕೆ ಹೊಸದು ತಗೊಂಡ್ರೋ ಅದೇ ಸಮಸ್ಯೆ ಮತ್ತೆ ಮನೆಗೆ ಬರುತ್ತೆ. ಕಮ್ಮಿ ಬೆಲೆಗೆ ಸಿಗೋ ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸೇ ಇರಲ್ಲ, ‘ಡಾಸ್’ ಅಂತ ಬರೆದಿರುತ್ತೆ. ಲಿನಕ್ಸ್ ಹಾಕೋರಿಗೆ ಅದು ಲಾಭ; ಬೇರೆಯವರು ವಿಂಡೋಸ್ ಲೈಸೆನ್ಸ್ ದುಡ್ಡನ್ನೂ ಲೆಕ್ಕಕ್ಕೆ ಸೇರಿಸಿ.

ಮ್ಯಾಕ್ ಕಡೆ ಮನಸ್ಸಿದ್ರೆ ಎರಡು ಮಾತು. ಎಂ1 ಮ್ಯಾಕ್‌ಬುಕ್ ಏರ್ 2020ರ ನವೆಂಬರ್‌ನಲ್ಲಿ ಬಂದಿದ್ದು; ಅದರ ರ‍್ಯಾಮ್ ಆಮೇಲೆ ಹೆಚ್ಚಿಸೋಕೆ ಆಗಲ್ಲ, ತಗೊಳ್ಳುವಾಗ ಎಷ್ಟಿದೆಯೋ ಅಷ್ಟೇ. ವಿಂಡೋಸ್‌ನಲ್ಲಿ ಬಳಸ್ತಿದ್ದ ಎನ್‌ಟಿಎಫ್‌ಎಸ್ ಹಾರ್ಡ್‌ಡಿಸ್ಕನ್ನು ಮ್ಯಾಕ್ ಓದುತ್ತೆ, ಆದ್ರೆ ಬೇರೆ ತಂತ್ರಾಂಶ ಹಾಕದೆ ಅದರೊಳಗೆ ಹೊಸದೇನೂ ಉಳಿಸಲ್ಲ.

ಕ್ರೋಮ್‌ಬುಕ್ ಆದ್ರೆ ಅಪ್‌ಡೇಟ್ ಯಾವ ದಿನಾಂಕದವರೆಗೆ ಬರುತ್ತೆ ಅಂತ ನೋಡಿ. ಆ ಲೆಕ್ಕ ನೀವು ಕೊಂಡ ದಿನದಿಂದ ಶುರುವಾಗಲ್ಲ.

ಯಾವುದೇ ಆಗಲಿ, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿಗಿಂತ ಕೆಳಗೆ ಇಳೀಬೇಡಿ. ‘ಇಎಂಎಂಸಿ’ ಅಂತ ಬರೆದಿದ್ರೆ ಮುಂದಿನದು ನೋಡಿ, ಅದು ಎಸ್‌ಎಸ್‌ಡಿಗಿಂತ ನಿಧಾನ. ವಾಪಸ್ ಕೊಡೋಕೆ ಎಷ್ಟು ದಿನ ಇದೆ ಅಂತ ಬಿಲ್ ಮೇಲೆ ಬರೆಸಿಕೊಳ್ಳಿ. ಆ ದಿನಗಳೊಳಗೆ ನಿಮ್ಮ ಪಟ್ಟಿಯ ಒಂದೊಂದು ಕೆಲಸವನ್ನೂ ಹೊಸ ಲ್ಯಾಪ್‌ಟಾಪ್‌ನಲ್ಲಿ ಮಾಡಿ ನೋಡಿ, ಟಿಕ್ ಹಾಕ್ತಾ ಹೋಗಿ. ಎಲ್ಲಕ್ಕೂ ಟಿಕ್ ಬೀಳೋವರೆಗೆ ಹಳೇದನ್ನು ಮಾರಬೇಡಿ.