ಅಂಕಿ ಸರಿ, ಮಾತು ಎಲ್ಲಿ ಹೋಯಿತು?

"ಕಾಕಾ, ನೀವು ಹೇಳೂದು ಸುಳ್ಳು. ಬೆಂಗಳೂರಾಗ ರಿಚರ್ಡ್ಸ್ ಹೊಡದದ್ದು ಬರೇ ನಾಕು, ಮತ್ತ ಮೂರು."

ಅಣ್ಣಿಗೇರಿಯ ನಮ್ಮ ಕಟ್ಟೆಯ ಮೇಲೆ ಕಾಲೇಜು ಹುಡುಗನೊಬ್ಬ ಮೊಬೈಲ್ ತೋರಿಸಿ ಹೀಗಂದಾಗ ಕಾಕಾ ಸುಮ್ಮನಾದರು. ಅವರು ಹೇಳುತ್ತಿದ್ದದ್ದು 1974ರ ನವೆಂಬರಿನ ಟೆಸ್ಟ್. "ಅಂವ ಗಮ್ ಜಗಕೋತ ಬಂದಾ ಅಂದ್ರ ನಮ್ಮ ರೇಡಿಯೋನ ನಡಗತಿತ್ತು. ಆದ್ರ ಚಂದ್ರಶೇಖರ ಬಿಟ್ಟಾನೇನು? ಎರಡೂ ಸಲ ಚಿತ್ ಮಾಡಿದಾ."

ಹುಡುಗನ ಅಂಕಿ ಸರಿ. ಅದು ವಿವಿಯನ್ ರಿಚರ್ಡ್ಸ್‌ನ ಮೊದಲ ಟೆಸ್ಟ್. ಅಂದು ಅವನಿಗೆ ಯಾರೂ ಹೆದರಿರಲಿಲ್ಲ. ಹೆದರಿಕೆ ಶುರುವಾದದ್ದು ಮುಂದಿನ ದಿಲ್ಲಿ ಟೆಸ್ಟಿನ ಅಜೇಯ 192ರಿಂದ. ರೇಡಿಯೋದಲ್ಲಿ ಗಮ್ ಕಾಣುವುದೂ ಇಲ್ಲ. ಕಾಕಾ ಆಮೇಲಿನ ಭಯವನ್ನು ಹಿಂದಿನ ದಿನಕ್ಕೆ ಹೊಲಿದಿದ್ದಾರೆ. ಇಷ್ಟಕ್ಕೇ ಅವರ ಮಾತು ಕಸವೇ?

ಕಸ ಅನ್ನುವವರು ಎರಡು ಬಗೆ. ಒಬ್ಬರು ಅಂಕಿಪಟ್ಟಿಯ ಪೊಲೀಸರು. ಇನ್ನೊಬ್ಬರು ನಮ್ಮ ಸಾಹಿತ್ಯದವರೇ: ಪತ್ರಿಕೆಯ 'ದಾಂಡಿಗ', 'ಹುದ್ದರಿ'ಗಳನ್ನು ಕನ್ನಡವೆಂದು ಒಪ್ಪಿ, ಕಟ್ಟೆಯ ಮಾತನ್ನು ಹರಟೆ ಎಂದು ಬದಿಗಿಡುವವರು.

ಮೊದಲಿನವರಿಗೆ ಹೇಳುವುದಿಷ್ಟು. ಅಂಕಿ ಮೈದಾನದಲ್ಲಿ ನಡೆದದ್ದನ್ನು ಹೇಳುತ್ತದೆ, ಕಟ್ಟೆಯ ಮೇಲೆ ನಡೆದದ್ದನ್ನಲ್ಲ. 1983ರ ಜೂನ್ 18ರಂದು ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ ಬಾರಿಸಿದ ಅಜೇಯ 175ಕ್ಕೆ ಟಿವಿ ಚಿತ್ರೀಕರಣವೇ ಇಲ್ಲ. ನಮ್ಮ ಕಿರ್ಮಾನಿ ಜೊತೆಗೆ ನಿಂತು ಮುರಿಯದ ಒಂಬತ್ತನೇ ವಿಕೆಟಿಗೆ 126 ಸೇರಿಸಿದ ಆ ಆಟಕ್ಕೆ ಜೀವ ಉಳಿಸಿದವರು ಹೇಳುವವರೇ ಅಲ್ಲವೇ?

ಎರಡನೆಯವರ ಮೇಲೆ ನನ್ನ ಸಿಟ್ಟು ಹೆಚ್ಚು. ಆಗ ಕಾಮೆಂಟರಿ ಬರುತ್ತಿದ್ದುದು ಇಂಗ್ಲಿಷ್, ಹಿಂದಿಯಲ್ಲಿ. ಅರ್ಧ ತಿಳಿದವರು ಏನೂ ತಿಳಿಯದವರಿಗೆ ಅಲ್ಲಲ್ಲೇ ಹೇಳಬೇಕಿತ್ತು. ಕೈಗೆ ಸಿಕ್ಕದ್ದು ಹೊಲ, ಎತ್ತು, ಗರಡಿಮನೆ. ಹಾಗಾಗಿ ನಮ್ಮ ಕಟ್ಟೆಯಲ್ಲಿ ಬೌಂಡರಿ ಅಂದರೆ 'ಬದು ದಾಟಿತು', ಔಟಾದವ 'ಚಿತ್ ಆದ', ದಣಿದ ಬೌಲರ್ 'ನೊಗ ಇಳಿಸಿದ'. ಎರೆಹೊಲದ ಜನಕ್ಕೆ ಗೆರೆಗಿಂತ ಬದು ದೊಡ್ಡದು. ಬದು ದಾಟಿದರೆ ಜಗಳವೇ! ಆ ಹೊಡೆತದ ಭಯವೆಲ್ಲ ಆ ಒಂದು ಮಾತಿನಲ್ಲಿದೆ. 'ದಾಂಡಿಗ' ಒಳ್ಳೆಯ ಪದವೇ, ತಕರಾರಿಲ್ಲ. ಆದರೆ ಮೇಜಿನ ಮೇಲೆ ಹುಟ್ಟಿದ್ದಕ್ಕೆ ಮಣೆ, ಕಟ್ಟೆಯ ಮೇಲೆ ಹುಟ್ಟಿದ್ದಕ್ಕೆ ನಗೆ ಯಾಕೆ? ಇದೇ ಜಿಲ್ಲೆಯ ಕೋಳಿವಾಡದ ಕುಮಾರವ್ಯಾಸ ಕುರುಕ್ಷೇತ್ರವನ್ನು ಕಂಡಿದ್ದನೇ? ಕಾಣದ್ದನ್ನು ಕಾಣಿಸಿದ್ದಕ್ಕೇ ಅವನನ್ನು ಕವಿ ಅಂದೆವು.

ಈಗ ಐಪಿಎಲ್‌ಗೆ ಕನ್ನಡದಲ್ಲೇ ಕಾಮೆಂಟರಿ ಇದೆ. ಸಂತೋಷ. ಅದರಲ್ಲಿ ಬದುವೂ ಇಲ್ಲ, ನೊಗವೂ ಇಲ್ಲ.

ಗೆಳೆಯರೇ, ತಪ್ಪು ಅಂಕಿಯನ್ನು ತಿದ್ದಿ, ಬೇಡ ಅನ್ನುವುದಿಲ್ಲ. ಆದರೆ ತಿದ್ದುವ ಮೊದಲು ಕಥೆ ಪೂರ್ತಿ ಕೇಳಿ, ಮಾತನ್ನು ಬರೆದಿಟ್ಟುಕೊಳ್ಳಿ. ರಿಚರ್ಡ್ಸ್‌ನ ನಾಲ್ಕು ಮತ್ತು ಮೂರು ನೂರು ವರ್ಷ ಬಿಟ್ಟು ಹುಡುಕಿದರೂ ಸಿಗುತ್ತವೆ. ನಮ್ಮ ಕಾಕಾ ಮಾತ್ರ ಆ ಸಂಜೆಯಿಂದ ಆ ಕಥೆ ಮತ್ತೆ ಹೇಳಿಲ್ಲ.